ಮರೆಯ ಲಾಭವೂ ಸತ್ಯಶುದ್ಧ ಕಾಯಕವೂ



ನಮ್ಮ ಸೀಮೆಯ ದನದ ಜಾತ್ರೆಗಳನ್ನು ಕಂಡವರಿಗೆ ಈ ದೃಶ್ಯವು ಪರಿಚಿತವಾದುದು. ದಲ್ಲಾಳಿಯು ಟವೆಲಿನ ಮರೆಯಲ್ಲಿ ಮಾರುವವನ ಕೈಹಿಡಿದು ಬೆರಳೊತ್ತಿ ಬೆಲೆಯನ್ನು ತಿಳಿಸುವನು. ಬೆಲೆಯು ಮರೆಯಲ್ಲಿದ್ದರೂ ಆತನು ದಲ್ಲಾಳಿಯೆಂಬುದು ಮರೆಯಲ್ಲಿಲ್ಲ. ಆದುದರಿಂದ ಆತನು ಎತ್ತನ್ನು ಹೊಗಳಿದರೆ, ಕೊಳ್ಳುವವನು ಆ ಹೊಗಳಿಕೆಯನ್ನು ಎಷ್ಟರಮಟ್ಟಿಗೆ ನಂಬಬೇಕೋ ಅಷ್ಟರಮಟ್ಟಿಗೇ ನಂಬುವನು. ಅಡತಿ ಅಂಗಡಿಯ ಕಮಿಷನ್ನೂ ಹೀಗೆಯೇ ಪಟ್ಟಿಯಲ್ಲಿ ಕಾಣಿಸುವಂಥದು. ಆದರೆ ಜಾತ್ರೆಯಲ್ಲಿ ಇನ್ನೊಬ್ಬನಿರುವನು. ದಾರಿಹೋಕನಂತೆ ಪಕ್ಕದಲ್ಲಿ ನಿಂತು, “ಅಣ್ಣಾ, ಈ ಎತ್ತನ್ನು ಮಾತ್ರ ಬಿಡಬೇಡ” ಎನ್ನುವವನು. ಅವನು ಮಾರುವವನ ಕಡೆಯವನೆಂಬುದು ಸಂಜೆಗೆ ತಿಳಿದುಬಂದರೆ, ಎತ್ತು ಒಳ್ಳೆಯದೇ ಆಗಿದ್ದರೂ ಕೊಂಡವನ ಮನಸ್ಸು ಮುರಿಯುವುದು.

ಇದನ್ನು ನೆನೆಯಲು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅಡಿಗೆಮನೆಯ ಸಾಮಾನುಗಳನ್ನು ಬಳಸಿ ನೋಡಿ, ಅವುಗಳ ಗುಣದೋಷಗಳನ್ನು ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಹೇಳುವನು. ಅವನ ಮಾತನ್ನು ನಂಬಿ ನಾನೊಂದು ಮಿಕ್ಸರನ್ನು ತರಿಸಿದೆನು. ನನ್ನ ಮಾತನ್ನು ನಂಬಿ ನೆರೆಯ ಮೂರು ಮನೆಯವರು ತರಿಸಿದರು. ಯಂತ್ರವೇನೋ ಕೆಟ್ಟುದಲ್ಲ. ಕಳೆದ ಶ್ರಾವಣದಲ್ಲಿ ಮಠಕ್ಕೆ ಬಂದಾಗ ಅವನೇ ತಲೆತಗ್ಗಿಸಿ ಹೇಳಿದನು: “ಗುರುಗಳೇ, ಒಂದೊಂದು ಮಾರಾಟಕ್ಕೂ ನನಗೆ ಕಮಿಷನ್ ಬರುತ್ತದೆ. ಅದನ್ನು ನಾನು ಎಲ್ಲಿಯೂ ಹೇಳಿಲ್ಲ. ಅದರಿಂದಲೇ ಮನೆ ನಡೆಯುತ್ತಿದೆ, ತಂಗಿಯ ಓದು ನಡೆಯುತ್ತಿದೆ. ಹೇಳಿಬಿಟ್ಟರೆ ಜನರು ನಂಬುವುದಿಲ್ಲ. ಇದು ಪಾಪವೇ?”

ಈ ವ್ಯವಹಾರದ ರೀತಿಯನ್ನು ಅವನಿಂದಲೇ ಕೇಳಿ ತಿಳಿದೆನು. ಚಿತ್ರದ ಕೆಳಗೆ ಅವನು ಕೊಡುವ ಕೊಂಡಿಯಲ್ಲಿ ಅವನ ಗುರುತಿನ ಸಂಕೇತವೊಂದು ಅಡಗಿರುವುದು. ಅದನ್ನು ಒತ್ತಿ ಅಂಗಡಿಗೆ ಹೋದವರು ಗೊತ್ತುಪಡಿಸಿದ ಅವಧಿಯೊಳಗೆ ಕೊಂಡರೆ, ಬೆಲೆಯ ಒಂದಂಶವು ಅವನ ಲೆಕ್ಕಕ್ಕೆ ಜಮೆಯಾಗುವುದು. ಅಮೆಜಾನ್ ಕಂಪನಿಯು ಈ ಪದ್ಧತಿಯನ್ನು 1996ರಲ್ಲಿಯೇ ಆರಂಭಿಸಿತು. ಈ ಲಾಭವನ್ನು ಬಹಿರಂಗವಾಗಿ ತಿಳಿಸತಕ್ಕದ್ದೆಂದು ಆ ಕಂಪನಿಯ ಕರಾರಿನಲ್ಲಿಯೇ ಇರುವುದು. ಕರಾರನ್ನು ಪೂರ್ತಿ ಓದುವವರು ಎಷ್ಟು ಮಂದಿಯೋ!

ರಾಜಶಾಸನವೂ ಈ ವಿಷಯದಲ್ಲಿ ಮೌನವಾಗಿಲ್ಲ. ಜಾಹೀರಾತುಗಳ ಸ್ವಯಂನಿಯಂತ್ರಣ ಸಂಸ್ಥೆಯಾದ ‘ಆಸ್ಕಿ’ಯು 2021ರಲ್ಲಿ ಇಂಥವರಿಗಾಗಿ ನಿಯಮಗಳನ್ನು ರಚಿಸಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ಅನುಸರಿಸಿ 2022ರ ಜೂನ್ 9ರಂದು ಕೇಂದ್ರ ಪ್ರಾಧಿಕಾರದ ಮಾರ್ಗಸೂಚಿಗಳು ಹೊರಟವು. 2023ರ ಜನವರಿಯಲ್ಲಿ ಕೇಂದ್ರ ಸರಕಾರದ ಕೈಪಿಡಿಯೂ ಬಂದಿತು. ಹೊಗಳುವವನಿಗೂ ಮಾರುವವನಿಗೂ ನಡುವೆ ಹಣ, ಉಚಿತ ಸಾಮಾನು, ಪ್ರವಾಸ, ಬಂಧುತ್ವ, ಇವುಗಳಲ್ಲಿ ಯಾವುದಿದ್ದರೂ ಅದನ್ನು ಕಣ್ಣಿಗೆ ಬೀಳುವಂತೆ ತಿಳಿಸಬೇಕು. ಚಲಚ್ಚಿತ್ರದಲ್ಲಾದರೆ ಬರಹದಲ್ಲಿಯೂ ಕಾಣಿಸಬೇಕು, ಬಾಯಲ್ಲಿಯೂ ಹೇಳಬೇಕು. ಹೊಗಳಿದ ಭಾಷೆಯಲ್ಲಿಯೇ ಹೇಳಬೇಕೆಂಬುದು ನನಗೆ ಬಹಳ ಹಿಡಿಸಿತು. ಹೊಗಳಿಕೆಯೆಲ್ಲ ಕನ್ನಡದಲ್ಲಿದ್ದು, ಲಾಭದ ಮಾತು ಮಾತ್ರ ಇಂಗ್ಲಿಷಿನ ಸಣ್ಣಕ್ಷರದಲ್ಲಿದ್ದರೆ ನಮ್ಮ ತಾಯಂದಿರಿಗೆ ಅದು ಹೇಳಿದಂತಾದೀತೇ? ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಗಳವರೆಗೂ, ಮರಳಿ ತಪ್ಪಿದರೆ ಐವತ್ತು ಲಕ್ಷದವರೆಗೂ ದಂಡವುಂಟು.

ದಂಡದ ಭಯವನ್ನು ಅವನಿಗೆ ಹೇಳಲಿಲ್ಲ. ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಹೇಳಿದೆನು. ಮಹಾಮನೆಯ ಮುಂದೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದರಷ್ಟೆ. ಆ ಅಕ್ಕಿಯನ್ನು ಯಾರೂ ಕದ್ದಿರಲಿಲ್ಲ. ಆದರೂ ಮಡಿಲಿಗೆ ಬಂದುದು ಹೇಗೆ ಬಂದಿತೆಂದು ಆ ಮಹಾತಾಯಿಯು ಕೇಳಿದರು. “ತಮ್ಮಾ, ಕಮಿಷನ್ನು ಪಾಪವಲ್ಲ. ದಿನವಿಡೀ ಬೇಳೆ ನೆನೆಸಿ, ರುಬ್ಬಿ, ಯಂತ್ರವನ್ನು ಪರೀಕ್ಷಿಸುವುದು ದುಡಿಮೆಯೇ. ದುಡಿದವನಿಗೆ ಕೂಲಿ ಬೇಡವೇ? ಆದರೆ ನಿನ್ನ ಮಾತನ್ನು ಕೇಳುವವರು, ಇವನು ನಮ್ಮ ಮನೆಯ ಹುಡುಗನೆಂದು ಕೇಳುತ್ತಾರೆ. ಕೂಲಿ ಕೊಡುವವನು ಬೇರೆಯೆಂದು ತಿಳಿದಿದ್ದರೆ ಇನ್ನೆರಡು ಪ್ರಶ್ನೆ ಕೇಳುತ್ತಿದ್ದರು. ಆ ಎರಡು ಪ್ರಶ್ನೆಗಳನ್ನು ನೀನು ಅವರಿಂದ ಕಸಿದುಕೊಂಡೆ” ಎಂದೆನು.

“ಹೇಳಿದರೆ ಕೊಳ್ಳುವವರು ಕಡಮೆಯಾದರೆ?” ಎಂದು ಅವನು ಮತ್ತೆ ಕೇಳಿದನು. ಆಗಬಹುದು. ಆಗುವುದಿಲ್ಲವೆಂದು ನಾನು ಸುಳ್ಳು ಧೈರ್ಯವನ್ನು ಕೊಡಲಿಲ್ಲ. ತಿಳಿದ ಮೇಲೆ ಕೊಳ್ಳದೆ ಹೋಗುವವನು, ತಿಳಿಯದಿದ್ದುದರಿಂದಲೇ ಕೊಳ್ಳುತ್ತಿದ್ದವನು. ಅವನಿಂದ ಬಂದ ಹಣವು ಕಾಯಕದ ಹಣವೆಂದು ಹೇಗೆ ಹೇಳೋಣ? ಅದರಿಂದ ಜಂಗಮಕ್ಕೆ ನೀಡಿದರೆ ದಾಸೋಹವಾದೀತೇ?

ಇಷ್ಟು ಹೇಳುವಷ್ಟರಲ್ಲಿ ನನ್ನ ನಾಲಿಗೆಯೇ ತಡವರಿಸಿತು. ಹಿಂದೆ ಹಲವು ವರ್ಷ ನಾನು ಮಕ್ಕಳಿಗೆ ಒಂದೇ ಅಂಗಡಿಯ ನೋಟುಪುಸ್ತಕಗಳನ್ನು ತರಹೇಳುತ್ತಿದ್ದೆನು. ಕಾಗದವು ಒಳ್ಳೆಯದೆಂಬುದು ನಿಜ. ಆದರೆ ಆ ಅಂಗಡಿಯಿಂದ ಪ್ರತಿ ವರ್ಷವೂ ನನ್ನ ಮನೆಗೆ ಒಂದು ಡೈರಿ, ಒಂದು ಪಂಚಾಂಗ, ನನ್ನ ಮಕ್ಕಳಿಗೆ ಬೇಕಾದಷ್ಟು ನೋಟುಪುಸ್ತಕಗಳು ಬರುತ್ತಿದ್ದುವು. ಇದನ್ನು ಯಾವ ತಂದೆತಾಯಿಗಳಿಗೂ ನಾನು ಹೇಳಿದವನಲ್ಲ. ಕೇಳಿದವರೂ ಇಲ್ಲ, ಮಾಸ್ತರರನ್ನು ಯಾರು ಕೇಳುವರು? ಶಿಷ್ಯನ ಮುಂದೆ ಇದನ್ನು ಒಪ್ಪಿಕೊಂಡೆನು. ಅವನು ಏನೂ ಹೇಳದೆ ನಮಸ್ಕರಿಸಿ ಹೋದನು.

ಈಗ ಅವನ ಚಿತ್ರಗಳ ಆರಂಭದಲ್ಲಿಯೇ, “ಕೆಳಗಿನ ಕೊಂಡಿಯಿಂದ ನೀವು ಕೊಂಡರೆ ನನಗೆ ಕಮಿಷನ್ ಬರುತ್ತದೆ” ಎಂಬ ಮಾತು ಅಚ್ಚಗನ್ನಡದಲ್ಲಿ ಕೇಳಿಬರುತ್ತದೆ. ಮೊದಲ ತಿಂಗಳು ಆದಾಯವು ಇಳಿಯಿತೆಂದು ಬರೆದಿದ್ದನು. ಆ ಮೇಲಿನದನ್ನು ಬರೆದಿಲ್ಲ, ನಾನೂ ಕೇಳಿಲ್ಲ.

ನೆರೆಯ ಮೂರು ಮನೆಗಳಿಗೂ ಹೋಗಿ ನಡೆದುದನ್ನು ತಿಳಿಸಿ ಬಂದೆನು. ಎರಡು ಮನೆಯವರು ನಕ್ಕು ಸುಮ್ಮನಾದರು. ಮೂರನೆಯ ಮನೆಯ ಮುತ್ತೈದೆಯೊಬ್ಬರು ಮಿಕ್ಸರನ್ನು ಒರೆಸುತ್ತಲೇ ಕೇಳಿದರು: “ಹುಡುಗನಿಗೆ ಬಂದದ್ದು ಇರಲಿ ಮಾಸ್ತರೇ, ನಮಗೆ ಹೇಳಿದ್ದಕ್ಕೆ ನಿಮಗೆಷ್ಟು ಬಂತು?” ಏನೂ ಇಲ್ಲವೆಂದೆನು. ಅವರು ನಂಬಿದರೋ ಇಲ್ಲವೋ ಅರಿಯೆನು.