ಅರಸನ ಪಂಕ್ತಿಯಲ್ಲಿ ಆ ಕೂಸಿಗೂ ಒಂದು ಎಡೆ



ಬೈಲಹೊಂಗಲದ ಕಡೆಯ ಒಬ್ಬ ವೃದ್ಧ ತಾಯಿ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮಗಳು ಹೊರದೇಶದಲ್ಲಿ ನರ್ಸ್ ಆಗಿದ್ದಾಳೆ. ಮದುವೆಯಾಗಿ ಹಲವು ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಮಗಳು, ಅಳಿಯ ಇಬ್ಬರೂ ಸೇರಿ ನಮ್ಮ ರಾಜ್ಯದ ಮಕ್ಕಳ ಆಶ್ರಯಧಾಮವೊಂದರಿಂದ ಎರಡೂವರೆ ವರ್ಷದ ಹೆಣ್ಣು ಕೂಸನ್ನು ದತ್ತು ಪಡೆಯಲು ನಿರ್ಧರಿಸಿದ್ದರು. ಕೂಸಿಗೆ ಹುಟ್ಟಿನಿಂದಲೇ ಅಂಗುಳ ಸೀಳಿತ್ತು, ಮಾತು ಇನ್ನೂ ಬಂದಿರಲಿಲ್ಲ.

“ಫಾದರ್, ಯಾರು ಹಡೆದ ಕೂಸೋ ಏನೋ. ಅದರಾಗ ಬಾಯಾಗ ಅಂಗುಳ ಸೀಳೇತಂತ್ರಿ. ಅಷ್ಟು ದೂರ ಹೊತ್ಕೊಂಡು ಹೋಗಿ ಏನ ಮಾಡ್ತಾರ್ರಿ? ಮಂದಿ ಏನಂದಾರು?” ಎಂದು ಕೇಳಿದರು.

ಆ ತಾಯಿ ಕೆಟ್ಟವರಲ್ಲ. ದಿನಾ ಜಪಸರ ಹೇಳುವವರು. ಅವರು ಬಾಯಿಬಿಟ್ಟು ಕೇಳಿದ್ದನ್ನು ನಮ್ಮಲ್ಲಿ ಎಷ್ಟೋ ಜನ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತೇವೆ. ಆದ್ದರಿಂದ ಆ ಪ್ರಶ್ನೆಯನ್ನು ಇಂದು ನಿಮ್ಮೆಲ್ಲರ ಮುಂದೆ ಇಟ್ಟು ಧ್ಯಾನಿಸಬಯಸುತ್ತೇನೆ.

ಸಮುವೇಲನ ಎರಡನೆಯ ಗ್ರಂಥದ ನಾಲ್ಕನೆಯ ಮತ್ತು ಒಂಬತ್ತನೆಯ ಅಧ್ಯಾಯಗಳನ್ನು ಮನೆಯಲ್ಲಿ ಒಮ್ಮೆ ಓದಿರಿ. ಯೋನಾತಾನನಿಗೆ ಮೆಫೀಬೋಶೆತ್ ಎಂಬ ಮಗನಿದ್ದ. ಅಜ್ಜ ಸೌಲನೂ ತಂದೆ ಯೋನಾತಾನನೂ ಯುದ್ಧದಲ್ಲಿ ಮಡಿದ ಸುದ್ದಿ ಬಂದಾಗ ಹುಡುಗನಿಗೆ ಐದು ವರ್ಷ. ದಾದಿ ಅವನನ್ನು ಎತ್ತಿಕೊಂಡು ಓಡಿದಳು. ಓಡುವ ಅವಸರದಲ್ಲಿ ಕೂಸು ಕೆಳಗೆ ಬಿತ್ತು, ಎರಡೂ ಕಾಲು ಊನವಾದವು. ಆಮೇಲೆ ಅವನು ಲೋದೆಬಾರ್ ಎಂಬ ಊರಿನಲ್ಲಿ ಬೇರೆಯವರ ಮನೆಯಲ್ಲಿ ಬೆಳೆದ. ಎಷ್ಟೋ ಕಾಲದ ನಂತರ ಅರಸನಾದ ದಾವೀದ, ಯೋನಾತಾನನ ಸ್ನೇಹಕ್ಕಾಗಿ ದಯೆ ತೋರಿಸಲು ಆ ಮನೆತನದವರು ಯಾರಾದರೂ ಉಳಿದಿದ್ದಾರೆಯೇ ಎಂದು ತಾನಾಗಿಯೇ ವಿಚಾರಿಸಿದ. ಕಾಲಿಲ್ಲದ ಒಬ್ಬನಿದ್ದಾನೆ ಎಂದು ಸೇವಕ ತಿಳಿಸಿದ. ಅರಸ ಅವನನ್ನು ಕರೆಸಿದ. ಬಂದವನು ಅಡ್ಡಬಿದ್ದು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡ. ದಾವೀದ ಅವನ ಭಯ ಬಿಡಿಸಿ, ಅರಸನ ಮಕ್ಕಳಲ್ಲಿ ಒಬ್ಬನಂತೆ ತನ್ನ ಪಂಕ್ತಿಯಲ್ಲಿ ಅವನಿಗೆ ದಿನವೂ ಎಡೆ ಹಾಕಿಸಿದ.

ಈ ಕಥೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಿರಿ.

ಮೊದಲನೆಯದು, ಕೂಸು ಬಿದ್ದದ್ದು ದ್ವೇಷಿಸುವವರ ಕೈಯಿಂದಲ್ಲ, ಉಳಿಸಲು ಓಡುತ್ತಿದ್ದವಳ ಕೈಯಿಂದ. ಕೂಸನ್ನು ಬಿಟ್ಟುಹೋದ ತಾಯಿಯ ಬಗ್ಗೆ ನಾವು ಎಷ್ಟು ಸುಲಭವಾಗಿ ತೀರ್ಪು ಕೊಡುತ್ತೇವೆ! ಬಡತನ, ಗಂಡನ ಮನೆಯ ಬೆದರಿಕೆ, ಮದುವೆಯಿಲ್ಲದ ಬಸಿರಿನ ಅವಮಾನ, ಊನವಿದ್ದ ಕೂಸನ್ನು ಕಂಡು ಮನೆಯವರು ಆಡಿದ ಮಾತು, ಇವುಗಳಿಂದ ಓಡುತ್ತಾ ಅವಳ ಕೈ ಸಡಿಲಿಸಿರಬಹುದು. ಇಂಥ ತಾಯಿಗೆ ನಮ್ಮ ಕಾನೂನೂ ಒಂದು ದಾರಿ ಇಟ್ಟಿದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂಸನ್ನು ಒಪ್ಪಿಸಿದವರಿಗೆ ಮರಳಿ ಯೋಚಿಸಲು ಎರಡು ತಿಂಗಳ ಅವಕಾಶವಿದೆ. ಅವಳನ್ನು ಬೈಯುವ ಬಾಯಿ ಆ ಎರಡು ತಿಂಗಳಲ್ಲಿ ಒಂದು ಹಿಡಿ ಜೋಳ ಕೊಟ್ಟಿದ್ದರೆ ಎಷ್ಟೋ ಕೂಸುಗಳು ಹೆತ್ತ ಮಡಿಲಲ್ಲೇ ಉಳಿಯುತ್ತಿದ್ದವು.

ಎರಡನೆಯದು, ಅರಸ ಕರೆಸಿದ್ದು ದಯೆಯಿಂದ, ಆದರೆ ಕೂರಿಸಿದ್ದು ಭಿಕ್ಷುಕರ ಸಾಲಿನಲ್ಲಲ್ಲ, ಮಕ್ಕಳ ಸಾಲಿನಲ್ಲಿ. ದತ್ತು ಎಂಬುದು ಅನ್ನದಾನವಲ್ಲ. ಅದು ಹೆಸರು, ಹಕ್ಕು, ಮನೆತನಗಳನ್ನು ಕೊಡುವುದು. ಕಾನೂನಿನ ಪ್ರಕಾರ ದತ್ತು ಪಡೆದ ಮಕ್ಕಳು ದತ್ತು ಪಡೆದವರ ಮಕ್ಕಳೇ ಎಂದು ಧರ್ಮಸಭೆಯ 1983ರ ಕಾನೂನು ಸಂಹಿತೆ 110ನೆಯ ವಿಧಿಯಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಸಂತ ಪೌಲರೂ ರೋಮನರಿಗೆ, ಗಲಾತ್ಯರಿಗೆ ಬರೆದ ಪತ್ರಗಳಲ್ಲಿ ನಾವೆಲ್ಲರೂ ದೇವರ ದತ್ತುಮಕ್ಕಳು ಎಂದೇ ಬೋಧಿಸುತ್ತಾರೆ. ಹಾಗಾದರೆ “ಯಾರ ಕೂಸೋ ಏನೋ” ಎಂಬ ಮಾತು ಜ್ಞಾನಸ್ನಾನ ಪಡೆದ ನಮ್ಮ ಬಾಯಲ್ಲಿ ಹೇಗೆ ಬಂದೀತು?

ಮೂರನೆಯದು ಬಹಳ ಮುಖ್ಯ. ಆ ಅಧ್ಯಾಯ ಮುಗಿಯುವುದು ಒಂದು ಸಣ್ಣ ಮಾತಿನಿಂದ. ಅವನು ಅರಸನ ಪಂಕ್ತಿಯಲ್ಲಿ ಉಣ್ಣುತ್ತಿದ್ದ, ಅವನ ಎರಡೂ ಕಾಲು ಊನವಾಗಿಯೇ ಇದ್ದವು ಎನ್ನುತ್ತದೆ ಪವಿತ್ರ ಗ್ರಂಥ. ಅಲ್ಲಿ ಯಾವ ಪವಾಡವೂ ನಡೆಯಲಿಲ್ಲ. ಪ್ರೀತಿಸಿದ ಕೂಡಲೇ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿ ದತ್ತು ಪಡೆದವರು ಆರು ತಿಂಗಳಲ್ಲಿ ಸೋತುಹೋಗುತ್ತಾರೆ. ಎಡೆ ಹಾಕುವುದು ಕಾಲು ಸರಿಹೋದ ಮೇಲೆ ಅಲ್ಲ, ಅದಕ್ಕೂ ಮುಂಚೆಯೇ.

ದತ್ತುಮಗುವಿನ ಹಕ್ಕು ನಮ್ಮ ನಾಡಿಗೆ ಹೊಸದೇ? ಕಿತ್ತೂರಿನ ಕೋಟೆಯನ್ನು ಕೇಳಿರಿ. ದೇಸಾಯಿ ಶಿವಲಿಂಗರುದ್ರಸರ್ಜ 1824ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತುಪುತ್ರ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಪಟ್ಟು ಬಿಡಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಬಿದ್ದ. ಆಮೇಲೆ ಕೋಟೆ ಸೋತು, ರಾಣಿ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ಕಣ್ಮುಚ್ಚಿದಳು. ಆಕೆಯ ಸಮಾಧಿಯ ಮುಂದೆ ಹಾದುಹೋಗುವಾಗಲೆಲ್ಲ ನಾವು ಕೈಮುಗಿಯುತ್ತೇವೆ. ದತ್ತುಮಗ ಮನೆತನದ ಮಗನೇ ಎಂಬ ಮಾತಿಗಾಗಿ ರಾಜ್ಯವನ್ನೇ ಪಣಕ್ಕಿಟ್ಟ ನಾಡಿನವರು ನಾವು. ನಮ್ಮ ಓಣಿಯಲ್ಲಿ ದತ್ತುಕೂಸಿನ ಬಗ್ಗೆ ಪಿಸುಮಾತಾಡುವುದು ಶೋಭಿಸುತ್ತದೆಯೇ?

“ನಮ್ಮ ಕೂಸು ಹೊರದೇಶಕ್ಕೆ ಏಕೆ ಹೋಗಬೇಕು?” ಎಂದು ಕೆಲವರು ಕೇಳುತ್ತಾರೆ. ಉತ್ತರ ನಮ್ಮನ್ನೇ ಚುಚ್ಚುತ್ತದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ದತ್ತಿಗೆ ಮುಕ್ತವೆಂದು ಘೋಷಿಸಿದ ಕೂಸಿಗೆ 60 ದಿನಗಳಲ್ಲಿ ಭಾರತೀಯ ತಂದೆತಾಯಿ ಸಿಗದಿದ್ದರೆ ಮಾತ್ರ ಅದು ಹೊರದೇಶದವರ ದತ್ತಿಗೆ ದೊರೆಯುತ್ತದೆ. ಅಂಗವಿಕಲ ಮಕ್ಕಳು, ಒಡಹುಟ್ಟಿದ ಜೋಡಿಗಳು, ಐದು ವರ್ಷ ದಾಟಿದವರು, ಇವರಿಗೆ ಹೊರದೇಶದ ದತ್ತಿನಲ್ಲಿ ಆದ್ಯತೆ ಕೊಡಬಹುದು ಎಂದೂ ಅದೇ ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಎಲ್ಲರೂ ಕೇಳುವುದು ಹಸುಳೆಯನ್ನು, ಆರೋಗ್ಯವಂತ ಕೂಸನ್ನು, ಬೆಳ್ಳಗಿನ ಕೂಸನ್ನು. ಉಳಿದವರಿಗೆ ಸಮುದ್ರ ದಾಟಿದ ಮನೆಯೇ ಗತಿಯಾಗುತ್ತದೆ.

ಒಂದು ಕಾಲಕ್ಕೆ ಕ್ರೈಸ್ತರಾದ ನಮಗೆ ಒಂದು ನೆಪವಿತ್ತು. 1956ರ ದತ್ತಕ ಕಾಯಿದೆ ಹಿಂದೂಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1890ರ ಕಾಯಿದೆಯಡಿ ನಾವು ಕೂಸಿನ ಪಾಲಕರಾಗಬಹುದಿತ್ತೇ ಹೊರತು ಕಾನೂನಿನ ಕಣ್ಣಲ್ಲಿ ತಂದೆತಾಯಿಗಳಾಗುತ್ತಿರಲಿಲ್ಲ. 2000ದ ಬಾಲನ್ಯಾಯ ಕಾಯಿದೆ, 2006ರ ಅದರ ತಿದ್ದುಪಡಿಗಳಿಂದ ಎಲ್ಲ ಧರ್ಮದವರಿಗೂ ಬಾಗಿಲು ತೆರೆಯಿತು. 2014ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. ನೆಪ ಹೋಯಿತು, ಮನಸ್ಸಿನ ಬಾಗಿಲು ಮಾತ್ರ ಇನ್ನೂ ತೆರೆಯಬೇಕು.

ಮತ್ತೆ ಆ ತಾಯಿಯ ಕಡೆ ಬರೋಣ. ಅವರಿಗೆ ಇನ್ನೊಂದು ಹೆದರಿಕೆಯಿತ್ತು. ಗ್ರಹಣದಲ್ಲಿ ಬಸುರಿ ಹೊರಗೆ ಬಂದದ್ದಕ್ಕೆ, ಇಲ್ಲವೇ ಯಾರದೋ ಪಾಪಕ್ಕೆ ಬಾಯಿ ಸೀಳಿರಬೇಕು ಎಂದು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬಸಿರಿನ ಮೊದಲ ಮೂರು ತಿಂಗಳೊಳಗೆ ಕೂಡಿಕೊಳ್ಳಬೇಕಾದ ತುಟಿ, ಅಂಗುಳ ಕೂಡದೆ ಉಳಿಯುತ್ತವೆ, ಅಷ್ಟೇ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ, ಪಾಪ ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದು ಯೇಸುಸ್ವಾಮಿ ಅವರ ಬಾಯಿ ಮುಚ್ಚಿಸಿದರು (ಯೊವಾನ್ನ 9:3). ಸೀಳುತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ, ಅಂಗುಳವನ್ನು ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಂದ ಹೊಲಿಯುತ್ತಾರೆ. ತಡವಾದರೂ ಹೊಲಿಯಬಹುದು. ಆದರೆ ಹೊಲಿದ ಕೂಡಲೇ ಮಾತು ಬರುವುದಿಲ್ಲ. ಕಿವಿಯೊಳಗೆ ನೀರು ನಿಂತು ಕೇಳಿಸುವುದೂ ಕಡಿಮೆಯಿರಬಹುದು, ಕಿವಿಯ ಪರೀಕ್ಷೆ ಮಾಡಿಸಬೇಕು. ಮಾತಿನ ತರಬೇತಿ ವರ್ಷಗಟ್ಟಲೆ ನಡೆಯಬೇಕು. ಮೋಶೆಯೂ ಬೇರೆಯವರ ಅರಮನೆಯಲ್ಲಿ ಮಗನಾಗಿ ಬೆಳೆದವನು, ತನ್ನ ನಾಲಿಗೆ ಮಂದವೆಂದು ದೇವರ ಮುಂದೆ ದೂರಿಕೊಂಡವನು. ಆ ನಾಲಿಗೆಯಿಂದಲೇ ದೇವರು ಫರೋಹನೊಡನೆ ಮಾತಾಡಿಸಿದರು.

ಮಗಳು, ಅಳಿಯ ಕೂಸನ್ನು ಕರೆದುಕೊಂಡು ಬಂದರು. ಪಾಸ್‌ಪೋರ್ಟ್ ಆಗುವವರೆಗೆ ತವರಿನಲ್ಲೇ ಉಳಿದರು. ನಾಲ್ಕೇ ದಿನಕ್ಕೆ ಆ ತಾಯಿ ಮತ್ತೆ ಬಂದರು. “ನಾ ಆರು ಮಕ್ಕಳನ್ನ ಎತ್ತಿ ಆಡಿಸಿದಾಕಿ ಫಾದರ್. ನನ್ನ ಕೈಯಾಗ ಕೂಸ ಕೊಡವಲ್ಲಳ್ರಿ. ತಾನ ಉಣಸ್ತಾಳ, ತಾನ ಮಲಗಸ್ತಾಳ,” ಎಂದು ಕಣ್ಣೊರೆಸಿಕೊಂಡರು.

ಮಗಳು ಮಾಡಿದ್ದು ಸರಿ. ಆಶ್ರಯಧಾಮದಲ್ಲಿ ಪಾಳಿಯ ಮೇಲೆ ಬರುವ ಅನೇಕ ಕೈಗಳಲ್ಲಿ ಬೆಳೆದ ಕೂಸಿಗೆ “ಇವಳೇ ನನ್ನ ಅವ್ವ” ಎಂಬುದು ತಿಳಿದಿರುವುದಿಲ್ಲ. ಅಂಥ ಕೂಸು ಯಾರು ಕರೆದರೂ ನಗುತ್ತಾ ಹೋಗುತ್ತದೆ. ನಾವು “ಎಷ್ಟು ಚೆನ್ನಾಗಿ ಹೊಂದಿಕೊಂಡಿತು” ಎನ್ನುತ್ತೇವೆ. ಆದರೆ ಅದು ಹೊಂದಿಕೊಂಡದ್ದಲ್ಲ, ಯಾರನ್ನೂ ಇನ್ನೂ ತನ್ನವರೆಂದು ಹಿಡಿದುಕೊಳ್ಳದಿರುವುದು. ಅದಕ್ಕೇ ಮೊದಲ ತಿಂಗಳುಗಳಲ್ಲಿ ಉಣಿಸುವುದು, ತೊಳೆಯುವುದು, ಅತ್ತಾಗ ಎತ್ತಿಕೊಳ್ಳುವುದು ತಂದೆತಾಯಿಯ ಕೈಯಿಂದಲೇ ಆಗಬೇಕು. ಬೀಗರು, ನೆಂಟರು ಸ್ವಲ್ಪ ದೂರ ನಿಲ್ಲುವುದೇ ದೊಡ್ಡ ಸಹಾಯ.

ಇಂಥ ಕೂಸನ್ನು ಬೆಳೆಸುವವರಿಗೂ ಅವರ ಮನೆಯವರಿಗೂ ಕೆಲವು ಮಾತು. ಆಶ್ರಯಧಾಮದ ಆಯಾಗಳನ್ನು ಕೇಳಿ ತಿಳಿದುಕೊಳ್ಳಿರಿ: ಕೂಸು ಹೇಗೆ ಮಲಗುತ್ತದೆ, ಏನು ಉಣ್ಣುತ್ತದೆ, ಯಾವ ಹಾಡಿಗೆ ಸುಮ್ಮನಾಗುತ್ತದೆ. ಅದು ಹೊದ್ದ ಬಟ್ಟೆಯನ್ನು ಒಗೆಯದೆ ಜೊತೆಗೆ ಕೊಂಡೊಯ್ಯಿರಿ, ಹೊಸ ದೇಶದಲ್ಲಿ ಅದಕ್ಕೆ ಗುರುತಿರುವುದು ಆ ವಾಸನೆ ಒಂದೇ. ನೀರು, ಹಾಲು, ಬಾ, ಸಾಕು ಎಂಬ ಕನ್ನಡದ ಮಾತುಗಳನ್ನು ಒಮ್ಮೆಲೇ ಕಸಿದುಕೊಳ್ಳಬೇಡಿರಿ. ರಾತ್ರಿ ಚೀರಿ ಎದ್ದರೆ ಹಟವೆಂದು ಹೊಡೆಯಬೇಡಿರಿ, ಅದು ಅಗಲಿಕೆಯ ದುಃಖ. ವಯಸ್ಸು ಎರಡೂವರೆಯಾದರೂ ನಡತೆ ಒಂದು ವರ್ಷದ್ದಾಗಿರಬಹುದು, ಪಕ್ಕದ ಮನೆಯ ಕೂಸಿನೊಡನೆ ತೂಗಬೇಡಿರಿ. ನೀನು ದತ್ತುಮಗು ಎಂಬ ಸತ್ಯವನ್ನು ಚಿಕ್ಕಂದಿನಿಂದಲೇ ಪ್ರೀತಿಯಿಂದ ಹೇಳಿರಿ, ಬೇರೆಯವರ ಬಾಯಿಂದ ಕೇಳಿ ತಿಳಿಯುವಂತೆ ಮಾಡಬೇಡಿರಿ. “ನಾವು ನಿನ್ನನ್ನು ಉದ್ಧಾರ ಮಾಡಿದೆವು” ಎಂದು ಯಾವತ್ತೂ ಅನ್ನಬೇಡಿರಿ. ಹೊತ್ತುಕೊಂಡು ದಣಿದ ತಾಯಿಗೆ ಅಳು ಬಂದರೆ ಅದು ಪ್ರೀತಿಯ ಕೊರತೆಯಲ್ಲ. ಅವಳಿಗೆ ಉಪದೇಶಕ್ಕಿಂತ ಒಂದು ರಾತ್ರಿಯ ನಿದ್ದೆ, ಒಂದು ಹೊತ್ತಿನ ಅಡಿಗೆ ಹೆಚ್ಚು ಬೇಕು.

ಮೂರನೆಯ ಸಲ ಆ ತಾಯಿ ಬಂದಾಗ ಮುಖ ಬೇರೆಯಾಗಿತ್ತು. ಮಲಗಿದ್ದ ಕೂಸಿನ ಮುಷ್ಟಿಯಲ್ಲಿ ಜೋಳದ ರೊಟ್ಟಿಯ ಚೂರು ಕಂಡರಂತೆ. ಬಿಡಿಸಲು ಹೋದರೆ ನಿದ್ದೆಯಲ್ಲೇ ಬಿಗಿಹಿಡಿಯಿತಂತೆ. ನಾಳೆ ಸಿಗುವುದೋ ಇಲ್ಲವೋ ಎಂಬ ಹೆದರಿಕೆ! ಮಗಳನ್ನು ಕೇಳಿ, ಒಂದು ಸಣ್ಣ ಡಬ್ಬಿಯಲ್ಲಿ ರೊಟ್ಟಿ ಇಟ್ಟು ಅದರ ತಲೆದಿಂಬಿನ ಹತ್ತಿರ ದಿನಾ ರಾತ್ರಿ ಇಡತೊಡಗಿದರು. ಹಲವು ದಿನ ಕೂಸು ಎದ್ದೊಡನೆ ಡಬ್ಬಿ ತೆರೆದು ನೋಡಿತು. ಒಂದು ಬೆಳಿಗ್ಗೆ ತೆರೆಯದೆ ಆಡಲು ಹೋಯಿತು. “ಫಾದರ್, ಅವತ್ತ ತಿಳೀತ್ರಿ ನನಗ. ಈಕಿ ನಮ್ಮ ಮನೀ ಕೂಸು,” ಎಂದರು. ಎತ್ತಿಕೊಳ್ಳದೆಯೇ ಅವರು ಅಜ್ಜಿಯಾಗಿದ್ದರು.

ಸಂತ ಜೋಸೆಫರೂ ಹೀಗೆಯೇ ತಂದೆಯಾದರು. ತಾವು ಹುಟ್ಟಿಸದ ಕೂಸಿಗೆ ಹೆಸರಿಟ್ಟರು, ಅದನ್ನು ಕಾಪಾಡಲು ರಾತ್ರೋರಾತ್ರಿ ಗಡಿ ದಾಟಿ ಈಜಿಪ್ಟಿನಲ್ಲಿ ಪರದೇಶಿಯಾಗಿ ಬಾಳಿದರು. ಪೋಪ್ ಫ್ರಾನ್ಸಿಸರು 2020ರ ಡಿಸೆಂಬರ್ 8ರಂದು ಅವರ ಹೆಸರಿನಲ್ಲಿ ಒಂದು ವರ್ಷವನ್ನೇ ಘೋಷಿಸಿ, ಹುಟ್ಟಿಸಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಹೊಣೆ ಹೊತ್ತು ಸಾಕಿದಾಗ ಆಗುತ್ತಾರೆ ಎಂಬ ಅರ್ಥದ ಮಾತನ್ನು ನಮಗೆ ನೆನಪಿಸಿದರು.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯನ್ನು ನೋಡಿರಿ. ಸವದತ್ತಿಯ ನವಿಲುತೀರ್ಥದಲ್ಲಿ ನಿಂತು, ಕಾಲುವೆಗಳಲ್ಲಿ ಹರಿದು, ಕಣಕುಂಬಿಯನ್ನು ಎಂದೂ ಕಾಣದ ಹೊಲಗಳನ್ನು ಹಸಿರಾಗಿಸುತ್ತಾಳೆ. ಉಳಿದ ನೀರು ರಾಮದುರ್ಗದ ಕಡೆ ಸಾಗುತ್ತದೆ. ಇದು ಯಾವ ಊರಿನ ನೀರು ಎಂದು ಯಾವ ಹೊಲ ಕೇಳುತ್ತದೆ?

ಪ್ರಿಯರೇ, ಈ ವಾರ ಒಂದು ಕೆಲಸ ಮಾಡಿರಿ. ನಿಮ್ಮ ಧರ್ಮಕೇಂದ್ರದಲ್ಲಿ ಊನವಿರುವ ಕೂಸಿನ ಮನೆ ಯಾವುದೆಂದು ತಿಳಿದುಕೊಂಡು ಹೋಗಿ ಬನ್ನಿರಿ. ಬಿಟ್ಟುಹೋದ ಕೂಸು ಕಂಡರೆ 1098ಕ್ಕೆ ಕರೆ ಮಾಡಿರಿ. ಗುಟ್ಟಾಗಿ ಕೂಸು ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿರಿ, ಅದು ಅಪರಾಧ. ಮಕ್ಕಳಿಲ್ಲದ ದಂಪತಿಗಳೇ, ಅರ್ಜಿ ತುಂಬುವಾಗ “ವಿಶೇಷ ಆರೈಕೆ ಬೇಕಾದ ಮಗು” ಎಂಬ ಸಾಲಿನ ಮುಂದೆ ಒಂದು ನಿಮಿಷ ಪ್ರಾರ್ಥಿಸಿರಿ. ನಿಮ್ಮ ಶಕ್ತಿಯನ್ನು ತೂಗಿ ನೋಡಿರಿ, ಆಮೇಲೆ ಉತ್ತರಿಸಿರಿ. ಆಗದಿದ್ದರೆ ಪಾಪವಿಲ್ಲ. ಆದರೆ ಆ ಸಾಲನ್ನು ಓದದೆ ದಾಟಬೇಡಿರಿ.

ಸಂತ ಜೋಸೆಫರೇ, ತಂದೆತಾಯಿಗಾಗಿ ಕಾದಿರುವ ಎಲ್ಲ ಕೂಸುಗಳಿಗಾಗಿ, ಹೆತ್ತು ಕಳೆದುಕೊಂಡ ತಾಯಂದಿರಿಗಾಗಿ, ಹೊತ್ತು ಸಾಕುತ್ತಿರುವ ದಂಪತಿಗಳಿಗಾಗಿ ಪ್ರಾರ್ಥಿಸಿರಿ. ನಮ್ಮ ಪಂಕ್ತಿಯಲ್ಲಿ ಇನ್ನೂ ಒಂದು ಎಡೆಗೆ ಜಾಗವಿರಲಿ. ಆಮೆನ್.