ಇಂದಿನ ಧಮ್ಮ ಚಿಂತನೆ: ಗಾಲಿ ಎತ್ತಿ ಜಗ್ಗಿ ನೋಡಿದಾಗ





ಕಳೆದ ಭಾನುವಾರ ಹಾನಗಲ್ಲಿನ ನಮ್ಮ ಬಳಗದಲ್ಲಿ ಸಮ್ಮಾ ಆಜೀವದ ಪಾಠ ನಡೆದಿತ್ತು. ಉಪಾಸಕರು ಮಾಡಬಾರದೆಂದು ಭಗವಾನರು ಹೇಳಿದ ಐದು ವ್ಯಾಪಾರಗಳನ್ನು ಓದಿದೆವು: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ನಮ್ಮಲ್ಲಿ ಇವನ್ನು ಮಾರುವವರು ಯಾರೂ ಇಲ್ಲವಲ್ಲ ಎಂದು ಎಲ್ಲರಿಗೂ ಒಳಗೊಳಗೇ ಸಮಾಧಾನ. ಆಗ ಗ್ಯಾರೇಜು ಇಟ್ಟಿರುವ ನಮ್ಮ ಹಿರಿಯ ಉಪಾಸಕರು, "ನೀವೆಲ್ಲಾ ಪಾರಾದ್ರಿ. ನಂದೊಂದು ಐತ್ರಿ, ಹೇಳಬೇಕು" ಅಂದರು.

ಅವರು ಹೇಳಿದ್ದು ಬಾಲ್ ಜಾಯಿಂಟಿನ ವಿಷಯ. ಗಾಡಿಯ ಕೆಳಗೆ ಎಂದೂ ಬಗ್ಗಿ ನೋಡದವರಿಗಾಗಿ ಎರಡು ಮಾತು. ಮುಂದಿನ ಗಾಲಿ ಹಿಡಿದಿರುವ ನಕಲ್ ಮೇಲೊಂದು, ಕೆಳಗೊಂದು ತೋಳಿಗೆ ಕೂಡಿರುತ್ತದೆ. ಕೂಡುವ ಜಾಗದಲ್ಲಿ ಒಂದು ಉಕ್ಕಿನ ಗುಂಡು, ಅದು ತಿರುಗಾಡುವ ಒಂದು ಬಟ್ಟಲು, ಒಳಗೆ ಗ್ರೀಸು, ಮೇಲೆ ರಬ್ಬರಿನ ಟೊಪ್ಪಿಗೆ. ಗಾಲಿ ಹೊರಳುವುದೂ ತಗ್ಗುದಿನ್ನೆಗೆ ಏರಿಳಿಯುವುದೂ ಈ ಗುಂಡಿನ ಮೇಲೆಯೇ. (ಹಳೆಯ ಜೀಪುಗಳಿಗೆ ಮುಂದೆ ಗಟ್ಟಿ ಆಕ್ಸಲ್ಲು, ಕಿಂಗ್ ಪಿನ್ನು. ಅದರ ಕಥೆ ಬೇರೆ.) ರಬ್ಬರು ಹರಿದರೆ ಗ್ರೀಸು ಹೊರಗೆ, ಧೂಳು ನೀರು ಒಳಗೆ. ಬಟ್ಟಲು ಸವೆಯುತ್ತದೆ, ತಗ್ಗಿನಲ್ಲಿ 'ಕಟ್ ಕಟ್' ಸದ್ದು ಬರುತ್ತದೆ, ಟೈರು ಒಂದೇ ಮಗ್ಗುಲಿಗೆ ತಿನ್ನುತ್ತದೆ. ಪೂರ್ತಿ ಸವೆದು ಗುಂಡು ಕಳಚಿತೋ, ಗಾಲಿ ಮಡಚಿಕೊಂಡು ಬೀಳುತ್ತದೆ. ಆಮೇಲೆ ಸ್ಟೇರಿಂಗು ಹಿಡಿದವನ ಕೈಯಲ್ಲಿ ಏನೂ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಗೋವಿನಜೋಳ ಮುರಿಯುವ ಸುಗ್ಗಿಯಲ್ಲಿ, ಒಬ್ಬ ಮಾಲೀಕರ ಫೋರ್ ವ್ಹೀಲ್ ಡ್ರೈವ್ ಪಿಕಪ್ ಇವರ ಗ್ಯಾರೇಜಿಗೆ ಬಂತು. ಕೆಳಗಿನ ಜಾಯಿಂಟ್ ಎರಡೂ ಹೋಗಿದ್ದವು. ಮಾಲೀಕರು, "ಸುಗ್ಗಿ ಮುಗೀಲಿ ತಮ್ಮಾ, ಹೊಸಾವು ಹಾಕಸ್ತೀನಿ. ಈಗ ಗ್ರೀಸ್ ತುಂಬಿ ರಬ್ಬರ್ ಹಾಕಿ ಕೊಡು" ಅಂದರು. ಇವರು ಹಾಗೆಯೇ ಮಾಡಿಕೊಟ್ಟರು. ಬಿಲ್ಲಿನಲ್ಲಿ ಸುಳ್ಳಿರಲಿಲ್ಲ, ಮಾಲೀಕರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವರು ಮರುದಿನ ನಸುಕಿನಲ್ಲಿ ಅದರ ಹಿಂದೆ ನಿಂತುಕೊಂಡು ಹೊಲಕ್ಕೆ ಹೋದ ಕೂಲಿ ಹೆಣ್ಣುಮಕ್ಕಳು.

ಎರಡು ತಿಂಗಳ ಮೇಲೆ ಗಾಡಿ ವಾಪಸು ಬಂತು. ಬಿಚ್ಚಿದರೆ ಬಟ್ಟಲು ಅಂಚಿನವರೆಗೆ ತಿಂದುಹೋಗಿತ್ತು. ಮಾಲೀಕರು ನಕ್ಕು, "ನೋಡಪಾ, ಏನಾತು?" ಅಂದರಂತೆ.

ಏನೂ ಆಗಿರಲಿಲ್ಲ. "ಏನಾರ ಆಗಿದ್ರ ಅತ್ತು ಮರೀತಿದ್ದೆ. ಆಗಲಿಲ್ಲ ಅನ್ನೋದ ನನಗ ಕಾಡತೈತ್ರಿ" ಅಂದರು ಅವರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಪಚೇತನ ರಾಜನ ಕಥೆ ಬರುತ್ತದೆ. ಆರು ತಿಂಗಳಿಗೆ ಯುದ್ಧವಿದೆ, ಒಂದು ಜೋಡಿ ಗಾಲಿ ಮಾಡಿಕೊಡು ಎಂದು ರಾಜ ಬಡಿಗನಿಗೆ ಹೇಳಿದ. ಅವಧಿಗೆ ಆರು ದಿನ ಉಳಿದಾಗ ಒಂದೇ ಗಾಲಿ ಆಗಿತ್ತು. ಇನ್ನೊಂದನ್ನು ಬಡಿಗ ಆ ಆರು ದಿನದಲ್ಲೇ ಮುಗಿಸಿದ. ರಾಜನ ಕಣ್ಣಿಗೆ ಎರಡೂ ಒಂದೇ. ಬಡಿಗ ಎರಡನ್ನೂ ಉರುಳಿಸಿ ತೋರಿಸಿದ. ಆರು ದಿನದ ಗಾಲಿ ದೂಡಿದ ಬಲ ಇರುವಷ್ಟು ದೂರ ಹೋಗಿ, ಓಲಾಡಿ ಬಿತ್ತು. ಮೊದಲಿನದು ಅಚ್ಚಿಗೆ ಕೂಡಿಸಿದಂತೆ ನಿಂತಿತು. ಬಿದ್ದ ಗಾಲಿಯ ಪಟ್ಟಿ, ಅರಗಳು, ಗುಂಬ ಎಲ್ಲದರಲ್ಲೂ ಡೊಂಕಿತ್ತು. ಆ ಬಡಿಗ ಹಿಂದಿನ ಜನ್ಮದಲ್ಲಿ ನಾನೇ, ಅಂದು ಮರದ ಡೊಂಕು ಬಲ್ಲವನಾಗಿದ್ದೆ, ಇಂದು ಕಾಯ, ಮಾತು, ಮನಸ್ಸುಗಳ ಡೊಂಕು ಬಲ್ಲೆ ಎಂಬರ್ಥದ ಮಾತನ್ನು ಭಗವಾನರು ಭಿಕ್ಖುಗಳಿಗೆ ಹೇಳುತ್ತಾರೆ.

ಈ ಕಥೆಯಲ್ಲಿ ನನಗೆ ಹಿಡಿಸುವುದು ಒಂದು ವಿವರ. ಬಲ ಇರುವವರೆಗೆ ಎರಡೂ ಗಾಲಿ ಸಮನಾಗಿಯೇ ಓಡುತ್ತವೆ. ಸುಗ್ಗಿಯ ಎರಡು ತಿಂಗಳೂ ಹಾಗೆಯೇ. ಕಮ್ಮವೆಂದರೆ ಚೇತನಾ, ಅಂದರೆ ಮನಸ್ಸು ಮಾಡಿದ್ದು ಎಂದು ಓದುತ್ತೇವೆ. ಗ್ರೀಸು ತುಂಬಿದ ಆ ಹೊತ್ತಿನಲ್ಲೇ ಅದು ಆಗಿಹೋಗಿತ್ತು, ಅಪಘಾತಕ್ಕಾಗಿ ಕಾಯಲಿಲ್ಲ. 'ದುಃಖ' ಎಂಬ ಪದವೇ ಅಚ್ಚು ಸರಿಯಾಗಿ ಕೂಡದ ಗಾಲಿಯ ತೂತಿನಿಂದ ಬಂದದ್ದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಎಲ್ಲರೂ ಒಪ್ಪಿಲ್ಲ. ನಮ್ಮ ಉಪಾಸಕರು ಮಾತ್ರ ಕೇಳಿದ ಕೂಡಲೇ ಒಪ್ಪಿದರು.

ಸವೆತ ಹೇಗೆ ತಿಳಿಯುತ್ತದೆ ಎಂದು ಒಬ್ಬ ತಂಗಿ ಕೇಳಿದಳು. ಭಾರ ಇದ್ದಾಗ ತಿಳಿಯುವುದಿಲ್ಲವಂತೆ. ಗಾಡಿಯ ತೂಕವೇ ಗುಂಡನ್ನು ಒತ್ತಿ ಹಿಡಿದು ಸಡಿಲನ್ನು ಮುಚ್ಚಿಬಿಡುತ್ತದೆ. ಕೆಳತೋಳಿಗೆ ಜಾಕ್ ಕೊಟ್ಟು ಗಾಲಿ ಎತ್ತಬೇಕು, ಮೇಲೆ ಕೆಳಗೆ ಹಿಡಿದು ಜಗ್ಗಬೇಕು, ಅಡಿಗೆ ಹಾರೆ ಕೊಟ್ಟು ಮೀಟಬೇಕು. ನಾವು ದಿನಕ್ಕೆ ಇಪ್ಪತ್ತು ನಿಮಿಷ ಕಣ್ಣುಮುಚ್ಚಿ ಕೂಡುವುದೂ ಇಂಥದ್ದೇ ಕೆಲಸ ಅನ್ನಿಸಿತು. ದಿನವಿಡೀ ಕೆಲಸದ ಭಾರದಲ್ಲಿ ಎಲ್ಲವೂ ಬಿಗಿಯಾಗಿಯೇ ಕಾಣುತ್ತದಲ್ಲ.

ಹೊಸದು ಕೂಡಿಸುವ ಬಗೆಯನ್ನೂ ಅವರು ಪ್ರೀತಿಯಿಂದ ವಿವರಿಸಿದರು. ಜಾಕ್ ತೋಳಿಗೆ ಇರಲೇಬೇಕು, ಇಲ್ಲದಿದ್ದರೆ ಸ್ಪ್ರಿಂಗಿನ ಬಲ ತೋಳನ್ನು ಒದೆಯುತ್ತದೆ. ಫೋರ್ ವ್ಹೀಲಿನಲ್ಲಿ ನಕಲಿನ ನಡುವೆಯೇ ಶಾಫ್ಟು ಹೋಗಿರುವುದರಿಂದ ಅದರ ರಬ್ಬರು ಎಳೆದು ಹರಿಯದಂತೆ ನೋಡಬೇಕು. ಕೊನೆಗೆ ನಟ್ಟು ಬಿಗಿದಾಗ ಪಿನ್ನಿನ ತೂತು ಒಮ್ಮೊಮ್ಮೆ ಕೂಡುವುದಿಲ್ಲ. ಚೂರು ಹಿಂದಕ್ಕೆ ಸಡಿಲಿಸಿದರೆ ಸಲೀಸಾಗಿ ಕೂಡುತ್ತದೆ. ಹಾಗೆ ಮಾಡಬಾರದು, ಮುಂದಕ್ಕೇ ಬಿಗಿದು ಕೂಡಿಸಬೇಕು. "ಯಾರೂ ನೋಡಂಗಿಲ್ರಿ ಅದನ್ನ. ನಾ ನೋಡ್ತೀನಿ" ಅಂದರು.

ಈ ಸುಗ್ಗಿಯಲ್ಲಿ ಮತ್ತೊಬ್ಬ ಮಾಲೀಕರು ಅದೇ ಮಾತು ಆಡಿದ್ದಾರೆ. ಈ ಸಲ ಇವರು ಒಲ್ಲೆ ಅಂದರು. ಸಂಬಳದ ಡ್ರೈವರ್ ಹುಡುಗನನ್ನು ಕರೆದು, ಎತ್ತಿದ ಗಾಲಿಗೆ ಅವನ ಕೈಯನ್ನೇ ಹಚ್ಚಿಸಿ ಜಗ್ಗಿಸಿದರು. ಮಾಲೀಕರು ಸಿಟ್ಟಾಗಿ ಗಾಡಿ ಒಯ್ದರು. "ಇನ್ನೊಂದು ಗ್ಯಾರೇಜಿನವರು ಗ್ರೀಸ್ ತುಂಬಿ ಕೊಡ್ತಾರ. ನೀವು ಒಲ್ಲೆ ಅಂದದ್ದರಿಂದ ಆ ಹೆಣ್ಣುಮಕ್ಕಳಿಗೆ ಏನು ಬಂತ್ರಿ?" ಎಂದು ನಾನೇ ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

"ಅದಕ್ಕ ಉತ್ತರ ಇಲ್ರಿ ನನ್ನ ಕಡೆ. ಆ ಹುಡುಗ ನಿನ್ನೆ ಫೋನ್ ಮಾಡಿದ್ದ, ಮಂದೀನ್ನ ಹತ್ತಿಸಿಲ್ಲ ಅಂದ. ಹುಬ್ಬಳ್ಳಿಯಿಂದ ತರಿಸಿದ ಜಾಯಿಂಟ್ ನಾಲ್ಕೂ ಅಲ್ಲೇ ಕಪಾಟಿನ್ಯಾಗ ಅದಾವ. ಬಂದ್ರ ಕೂಡಿಸ್ತೀನಿ."

ಸಾಧು, ಸಾಧು, ಸಾಧು. 🙏