ಪಾತ್ರದ ಮಾತಿಗೆ ಹೊಣೆ ಯಾರು?

ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಕುಳಿತಲ್ಲಿಂದಲೇ ರಾಮನಾಗಿ, ವಾಲಿಯಾಗಿ ವಾದಕ್ಕಿಳಿಯುತ್ತಾರೆ. 2006ರಲ್ಲಿ ನಿಧನರಾದ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣರ ಪಾತ್ರಗಳಲ್ಲಿ ಪ್ರಸಿದ್ಧರು. ಜಬ್ಬಾರ್ ಸಮೋ ಅವರಂತಹ ಮುಸ್ಲಿಂ ಅರ್ಥಧಾರಿಗಳೂ ಈ ಕಲೆಯಲ್ಲಿ ಹೆಸರು ಮಾಡಿದ್ದಾರೆ. ರಾವಣನ ಪರ ವಾದಿಸಿದ್ದಕ್ಕಾಗಿ ಅರ್ಥಧಾರಿಯನ್ನು ಯಾರೂ ದೂರುವುದಿಲ್ಲ. ಅದು ಪಾತ್ರದ ಮಾತು, ಮಂಗಳ ಪದದೊಂದಿಗೆ ಮುಗಿಯುವಂಥದ್ದು ಎಂಬುದು ಎಲ್ಲರಿಗೂ ಗೊತ್ತು.

ನಮ್ಮ ದಿನನಿತ್ಯದ ಚರ್ಚೆಗಳಲ್ಲೂ ಪಾತ್ರಗಳಿವೆ. ಹೋಟೆಲಿನ ಮೇಜಿರಲಿ, ಜಮಾಅತಿನ ಸಭೆಯಿರಲಿ, ಮದುವೆ ಮನೆಯ ಜಗಲಿಯಿರಲಿ, ಅಲ್ಲೊಬ್ಬ ಸುದ್ದಿ ತರುವವ, ಒಬ್ಬ ಕೆಣಕುವವ, ಒಬ್ಬ ತೀರ್ಪು ಕೊಡುವವ, ಒಬ್ಬ ಸಮಾಧಾನ ಹೇಳುವವ ಇದ್ದೇ ಇರುತ್ತಾರೆ. ಉಳಿದವರು ಕೇಳುಗರು. ಇದು ತಪ್ಪೆಂದಲ್ಲ. ಆಕ್ಷೇಪಿಸುವವನೊಬ್ಬ ಇಲ್ಲದ ಸಭೆಯಲ್ಲಿ ತಪ್ಪು ತೀರ್ಮಾನಗಳು ಸಲೀಸಾಗಿ ಅಂಗೀಕಾರವಾಗಿ ಬಿಡುತ್ತವೆ.

ಆದರೆ ಊರಿನ ಒಬ್ಬ ಹೆಣ್ಣುಮಗಳ ನಡತೆಯ ಬಗ್ಗೆ ಮಾತು ಬಂತೆಂದಿಟ್ಟುಕೊಳ್ಳಿ. ಮಾತು ಹಬ್ಬಿ ನಿಶ್ಚಯವಾಗಿದ್ದ ಮದುವೆ ಮುರಿದು ಬೀಳುತ್ತದೆ. ಆಗ ವಿಚಾರಿಸಿ ನೋಡಿ. ಸುದ್ದಿ ತಂದವ 'ನಾನು ಕೇಳಿದ್ದನ್ನಷ್ಟೇ ಹೇಳಿದೆ' ಎನ್ನುತ್ತಾನೆ. ಕೆಣಕಿದವ 'ತಮಾಷೆಗೆ ಅಂದೆ' ಎನ್ನುತ್ತಾನೆ. ಕೇಳುಗರು 'ನಾವು ಬಾಯಿಯೇ ತೆರೆಯಲಿಲ್ಲ' ಎನ್ನುತ್ತಾರೆ. ಒಂದು ಬದುಕು ಹಾಳಾಯಿತು, ಹಾಳು ಮಾಡಿದವರು ಮಾತ್ರ ಯಾರೂ ಇಲ್ಲ!

ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1981ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ 'ಮಾತನಾಡುವವ' ಎಂಬ ಒಬ್ಬನನ್ನು ಮೂವರನ್ನಾಗಿ ಬಿಡಿಸಿ ತೋರಿಸಿದರು: ದನಿ ಕೊಡುವವ, ಪದ ಜೋಡಿಸಿದವ, ಆ ಮಾತಿನ ನಿಲುವಿಗೆ ಬದ್ಧನಾದವ. ಈ ಮೂವರೂ ಒಬ್ಬನೇ ಆಗಿರಬೇಕೆಂದಿಲ್ಲ. ವಿಶ್ಲೇಷಣೆ ಸರಿಯೇ. ಆದರೆ ನಾವು ಅದನ್ನೇ ಗೊತ್ತಿಲ್ಲದೆ ತಪ್ಪಿಸಿಕೊಳ್ಳುವ ದಾರಿಯಾಗಿ ಬಳಸುತ್ತೇವೆ. ದನಿ ಮಾತ್ರ ನನ್ನದು, ಮಾತು ನನ್ನದಲ್ಲ ಎನ್ನುತ್ತೇವೆ.

ಇಸ್ಲಾಮ್ ಈ ದಾರಿಯನ್ನು ಮುಚ್ಚಿದೆ. ಪ್ರವಾದಿ ಪತ್ನಿ ಆಯಿಶಾ(ರ)ರ ಮೇಲೆ ಅಪವಾದ ಹೊರಿಸಲಾದಾಗ ಪವಿತ್ರ ಕುರ್‌ಆನಿನ 24ನೇ ಅಧ್ಯಾಯವು ಅದನ್ನು ಕಟ್ಟಿದವರನ್ನು ಮಾತ್ರ ಖಂಡಿಸಲಿಲ್ಲ. ನಾಲಗೆಯಿಂದ ನಾಲಗೆಗೆ ದಾಟಿಸಿದವರನ್ನೂ, ಕೇಳಿದೊಡನೆ ಇದು ಸುಳ್ಳೆಂದು ತಳ್ಳಿಹಾಕದೆ ಸುಮ್ಮನಿದ್ದವರನ್ನೂ ತರಾಟೆಗೆ ತೆಗೆದುಕೊಂಡಿತು. ಗೀಬತ್ ಕೇಳುವವನೂ ಅದರಲ್ಲಿ ಪಾಲುದಾರ ಎಂದು ಇಮಾಮ್ ಗಝಾಲಿ ತಮ್ಮ 'ಇಹ್ಯಾ'ದಲ್ಲಿ ವಿವರಿಸಿದ್ದಾರೆ. ವಿರೋಧಿಸಬೇಕು, ವಿಷಯ ಬದಲಿಸಬೇಕು ಅಥವಾ ಎದ್ದು ಹೋಗಬೇಕು. ಏನೂ ಸಾಧ್ಯವಾಗದಿದ್ದರೆ ಮನಸ್ಸಿನಲ್ಲಾದರೂ ಅಸಹ್ಯಪಡಬೇಕು.

ಹಾಗಾದರೆ ಪ್ರತಿಯೊಂದು ಮಾತಿಗೂ ಲೆಕ್ಕ ಕೊಡಬೇಕೆಂದರೆ ಚರ್ಚೆಯೇ ಸತ್ತು ಹೋಗುವುದಿಲ್ಲವೇ? ಇಲ್ಲ. ಇಲ್ಲೊಂದು ವ್ಯತ್ಯಾಸವಿದೆ. ವಾಲಿಯ ವಾದದಿಂದ ಬದುಕಿರುವ ಯಾರ ಮಾನವೂ ಹೋಗುವುದಿಲ್ಲ. ಚರ್ಚೆ ಒಂದು ವಿಚಾರದ ಬಗ್ಗೆ ಇದ್ದಾಗ ಯಾವ ಪಕ್ಷವನ್ನು ವಹಿಸಿಯೂ ವಾದಿಸಬಹುದು. ಅಲ್ಲಿ ಉತ್ತರಿಸಲು ಎದುರಾಳಿ ಇರುತ್ತಾನೆ. ಆದರೆ ಚರ್ಚೆ ಅಲ್ಲಿಲ್ಲದ ಒಬ್ಬ ಮನುಷ್ಯನ ಬಗ್ಗೆ ತಿರುಗಿದಾಗ ಅವನ ಪಾತ್ರ ವಹಿಸಿ ಅರ್ಥ ಹೇಳುವವರೇ ಇಲ್ಲ. ಆ ಗಳಿಗೆಯಿಂದ ಯಾರ ಮಾತೂ ಬರೀ ಪಾತ್ರದ ಮಾತಲ್ಲ.

ವಿಚಾರದ ಚರ್ಚೆಗೂ ಗಝಾಲಿ ಒಂದು ಶರತ್ತು ಹಾಕುತ್ತಾರೆ. ವಾದಿಸುವವನು ಕಳೆದುಹೋದ ಪ್ರಾಣಿಯನ್ನು ಹುಡುಕುವವನಂತಿರಬೇಕು. ಅದು ತನಗೆ ಸಿಕ್ಕರೂ ಜತೆಯವನಿಗೆ ಸಿಕ್ಕರೂ ಅವನಿಗೆ ಸಂತೋಷವೇ. ಈ ಮಾತಿಗೆ ಅವರು ಬೆಲೆ ತೆತ್ತಿದ್ದಾರೆ. ಬಗ್ದಾದಿನ ನಿಝಾಮಿಯಾ ವಿದ್ಯಾಲಯದ ಹೆಸರಾಂತ ಪ್ರಾಧ್ಯಾಪಕರಾಗಿದ್ದ ಅವರು, ತಮ್ಮ ಬೋಧನೆಯ ಹಿಂದೆ ಕೀರ್ತಿಯ ಆಸೆ ಇದೆಯೆಂದು ಕಂಡುಕೊಂಡು 1095ರಲ್ಲಿ ಆ ಸ್ಥಾನವನ್ನೇ ತೊರೆದರು.

ನಮ್ಮಿಂದ ಅಷ್ಟು ದೊಡ್ಡ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಅಲ್ಲಿಲ್ಲದವರ ಬಗ್ಗೆ ಮಾತು ಎದ್ದಾಗ 'ಅವರಿಲ್ಲದಾಗ ಇದು ಬೇಡ' ಎನ್ನುವ ಪಾತ್ರವನ್ನು ಒಬ್ಬರಾದರೂ ವಹಿಸಿಕೊಂಡರೆ ಸಾಕು. ಹೆಚ್ಚಿನ ಸಭೆಗಳಲ್ಲಿ ಆ ಜಾಗ ಖಾಲಿಯೇ ಇದೆ.